ಊದುವವರ ಬಾಯಿ: ಒಬ್ಬ ಓಬೋ ವಾದಕರು, ಒಬ್ಬ ಓಲಗದವರು ಮತ್ತು ಎರಡು ಬಾಚಿಹಲ್ಲು

ಮೇಲಿನ ಬಾಚಿಹಲ್ಲು ಅಲುಗಾಡುತ್ತಿರುವ, ಅರವತ್ತು ದಾಟಿದ ರೋಗಿಗೆ ಏನು ಮಾಡಬೇಕೆಂಬುದು ಎಲ್ಲ ದಂತವೈದ್ಯರಿಗೂ ಗೊತ್ತು. ಅದೇ ರೋಗಿ ಓಲಗ ಊದಿ ಬದುಕುವವರಾಗಿದ್ದರೆ ಆ ತಿಳಿವಳಿಕೆಯಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ವಿರಾಜಪೇಟೆಯಲ್ಲಿ ನನ್ನ ಬಳಿಗೆ ಬಂದ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ಇಲ್ಲಿ ದಾಖಲಿಸುತ್ತಿದ್ದೇನೆ. ಅದರ ಜೊತೆಗೇ ಲಿಯಾನ್ ಗೂಸನ್ಸ್ ಎಂಬ ಇಂಗ್ಲೆಂಡಿನ ಓಬೋ (ಓಲಗದಂತೆ ಊದುವ ಪಾಶ್ಚಾತ್ಯ ವಾದ್ಯ) ವಾದಕರ ಬದುಕನ್ನೂ ಹೇಳಬೇಕಾಗಿದೆ. ಅವರ ಕಥೆ ಗೊತ್ತಿರದಿದ್ದರೆ ಈ ಚಿಕಿತ್ಸೆಯಲ್ಲಿ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ರೋಗಿ ಬಾಲ್ಯದಿಂದಲೇ ತಂದೆಯ ತಂಡದಲ್ಲಿ ಬೆಳೆದವರು. ಕೊಡವ ಸಮಾಜಗಳಲ್ಲಿ ನಡೆಯುವ ಮದುವೆಗಳು, ಊರ ದೇವರ ಹಬ್ಬಗಳು ಅವರ ಜೀವನಾಧಾರ. ಡೋಲು, ಕೊಂಬುಗಳ ಜೊತೆ ಓಲಗ ಊದುವುದು ಅವರ ಕೆಲಸ. ವಾಲಗತ್ತಾಟ್ ಕುಣಿತ ನೋಡಿದವರಿಗೆ ಇದರ ಶ್ರಮ ತಿಳಿದಿರುತ್ತದೆ. ಕುಣಿಯುವವರು ದಣಿದರೆ ಬದಿಗೆ ಸರಿಯುತ್ತಾರೆ, ಬೇರೆಯವರು ಬಂದು ಸೇರುತ್ತಾರೆ. ಓಲಗ ಮಾತ್ರ ನಿಲ್ಲುವಂತಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು, ಅದನ್ನು ಒತ್ತಿ ಹೊರಗೆ ಕಳುಹಿಸುವಷ್ಟರಲ್ಲಿ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾ, ಸ್ವರ ಕಡಿಯದಂತೆ ಗಂಟೆಗಟ್ಟಲೆ ಊದಬೇಕು.

ಪರೀಕ್ಷೆಯಲ್ಲಿ ಕಂಡದ್ದು ಇಷ್ಟು. ಮೇಲಿನ ಎಡ ನಡುವಿನ ಬಾಚಿಹಲ್ಲು ಎಲ್ಲ ದಿಕ್ಕಿಗೂ ಅಲುಗುತ್ತಿತ್ತು, ಬೆರಳಿನಿಂದ ಒತ್ತಿದರೆ ಒಳಕ್ಕೂ ಇಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸ್ವಲ್ಪ ಭಾಗವಷ್ಟೇ ಮೂಳೆಯೊಳಗೆ ಉಳಿದಿತ್ತು. ಪಕ್ಕದ ಬಲ ಬಾಚಿಹಲ್ಲು ಸಡಿಲವಾಗಿದ್ದರೂ ಉಳಿಸಬಹುದಾದ ಸ್ಥಿತಿಯಲ್ಲಿತ್ತು. ಕೋರೆಹಲ್ಲುಗಳು ಗಟ್ಟಿಯಾಗಿದ್ದವು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ವರ್ಷಗಟ್ಟಲೆ ಗಟ್ಟಿಕಟ್ಟಿದ ಪಾಚಿ, ರಕ್ತ ಒಸರುವ ವಸಡು: ಕಾರಣ ಹುಡುಕಬೇಕಾದ ಅಗತ್ಯವಿರಲಿಲ್ಲ. ಬೇರೊಂದು ಕಡೆ ಅವರಿಗೆ ಮೇಲಿನ ಮುಂಭಾಗದ ಆರೂ ಹಲ್ಲು ತೆಗೆಸಿ ಸೆಟ್ ಹಾಕಿಸಿಕೊಳ್ಳಲು ಹೇಳಿದ್ದರು. ಊಟ ಮಾಡುವ, ಮಾತಾಡುವ ಬಾಯಿಗೆ ಅದು ತಪ್ಪು ಸಲಹೆಯೇನೂ ಅಲ್ಲ. ಆದರೆ ಕಸುಬು ಏನೆಂದು ಅಲ್ಲಿ ಯಾರೂ ಕೇಳಿರಲಿಲ್ಲ.

“ಡಾಕ್ಟರೇ, ಹಲ್ಲು ಹೋದರೆ ಅನ್ನ ಹೇಗಾದರೂ ನುಂಗುತ್ತೇನೆ. ಊದುವುದು ಹೇಗೆಂದು ಹೇಳಿ” ಎಂದರು ಅವರು.

ಈ ಪ್ರಶ್ನೆಗೆ ದಂತವೈದ್ಯಶಾಸ್ತ್ರದಲ್ಲಿ ಉತ್ತರ ಹುಡುಕಿದವರು ಕಡಿಮೆ. 1939ರಲ್ಲಿ ಸ್ಟ್ರೇಯರ್ ಎಂಬ ದಂತತಜ್ಞರು ಊದುವ ವಾದ್ಯಗಳನ್ನು ಬಾಯಿಗೆ ಹಿಡಿಯುವ ಭಾಗದ ಬಗೆಗೆ ಅನುಗುಣವಾಗಿ ನಾಲ್ಕು ಗುಂಪು ಮಾಡಿದರು. ಕಹಳೆಯಂಥ ಲೋಹವಾದ್ಯಗಳು ಒಂದು ಗುಂಪು, ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಒಂದು, ಕೊಳಲು ಒಂದು. ಉಳಿದದ್ದು ಜೋಡಿ ರೀಡಿನ ವಾದ್ಯಗಳ ಗುಂಪು. ಪಾಶ್ಚಾತ್ಯರ ಓಬೋ ಈ ಗುಂಪಿನದು. ನಮ್ಮ ಓಲಗ, ಶಹನಾಯಿ, ನಾಗಸ್ವರಗಳು ಆ ಪಟ್ಟಿಯಲ್ಲಿ ಬರದಿದ್ದರೂ ಸೇರಬೇಕಾದದ್ದು ಇಲ್ಲಿಗೇ. ಎರಡು ತೆಳು ಪಟ್ಟಿಗಳನ್ನು ಎದುರುಬದುರಾಗಿ ಕಟ್ಟಿದ ರೀಡನ್ನು ತುಟಿಗಳ ನಡುವೆ ಹಿಡಿದು ಊದಿದಾಗ ಆ ಪಟ್ಟಿಗಳು ಬಡಿದುಕೊಂಡು ಸ್ವರ ಹುಟ್ಟುತ್ತದೆ. ಓಬೋ ವಾದಕರು ಮೇಲಿನ ಮತ್ತು ಕೆಳಗಿನ ತುಟಿಗಳೆರಡನ್ನೂ ಹಲ್ಲಿನ ಅಂಚಿನ ಮೇಲೆ ಒಳಕ್ಕೆ ಮಡಚಿಕೊಂಡು, ಆ ಮೆತ್ತೆಯ ಮೇಲೆ ರೀಡನ್ನು ಇಟ್ಟುಕೊಳ್ಳುತ್ತಾರೆ. ಹಲ್ಲು ರೀಡನ್ನು ಮುಟ್ಟುವುದಿಲ್ಲ. ಆದರೆ ತುಟಿಗೆ ಬೆನ್ನು ಕೊಡುವುದು ಹಲ್ಲೇ. ಡೋಲಿನ ಚರ್ಮಕ್ಕೆ ಅದನ್ನು ಎಳೆದು ಹಿಡಿಯುವ ಬಳೆ ಹೇಗೋ, ತುಟಿಗೆ ಹಲ್ಲಿನ ಸಾಲು ಹಾಗೆ. ಅಂಚು ಒಂದು ಕೂದಲೆಳೆಯಷ್ಟು ಉದ್ದವಾದರೂ, ಚೂಪಾದರೂ, ಹಿಂದೆ ಸರಿದರೂ ತುಟಿ ಅದನ್ನು ಗುರುತಿಸುತ್ತದೆ ಮತ್ತು ಸ್ವರ ಬದಲಾಗುತ್ತದೆ.

ಎರಡೂ ವಾದ್ಯಗಳು ಒಂದೇ ಬಳಗದವು ಎಂಬುದನ್ನು ರೋಗಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ, ಚಿತ್ರ ನೋಡಿಯೇ ಅವರು ಅದನ್ನು ಊಹಿಸಿದ್ದರು. ಬಯಲಿನಲ್ಲಿ, ಮೆರವಣಿಗೆಯಲ್ಲಿ ಊದುತ್ತಿದ್ದ ಶಾಮ್ ಎಂಬ ಜೋರುದನಿಯ ವಾದ್ಯವನ್ನು 17ನೇ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ವಾದ್ಯಕಾರರು ಅರಮನೆಯ ಒಳಾಂಗಣಕ್ಕೆ ಪಳಗಿಸಿದಾಗ ಓಬೋ ಹುಟ್ಟಿತು. ಶಾಮ್ ಮತ್ತು ಶಹನಾಯಿ ಒಂದೇ ಬಳ್ಳಿಯ ಕುಡಿಗಳು. ಓಬೋ ಸುಮಾರು 65 ಸೆಂಟಿಮೀಟರ್ ಉದ್ದ, ಕರಿಮರದ್ದು, ಮೈತುಂಬ ಲೋಹದ ಕೀಲಿಗಳು. ಅದರ ರೀಡಿಗೆ ಅರುಂಡೊ ಡೋನಾಕ್ಸ್ ಎಂಬ ಜೊಂಡಿನ ಕಡ್ಡಿ ಬೇಕು, ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯದು ಹೆಸರುವಾಸಿ. ನಾಗಸ್ವರದ ರೀಡಿಗೆ ತಂಜಾವೂರು ಸೀಮೆಯಲ್ಲಿ ಕಾವೇರಿ ತೀರದ ನಾಣಲು ಕಡ್ಡಿ ಬಳಸುತ್ತಾರೆ. “ಅಂದರೆ ನಮ್ಮ ತಲಕಾವೇರಿಯ ನೀರು ಕುಡಿದದ್ದು” ಎಂದರು ರೋಗಿ ಅಭಿಮಾನದಿಂದ.

ಲಿಯಾನ್ ಗೂಸನ್ಸ್ ಹುಟ್ಟಿದ್ದು 1897ರ ಜೂನ್ 12ರಂದು, ಲಿವರ್‌ಪೂಲ್‌ನಲ್ಲಿ. ಬೆಲ್ಜಿಯಂ ಮೂಲದ ಸಂಗೀತದ ಮನೆತನ. ಅಜ್ಜ ಮತ್ತು ತಂದೆ ಇಬ್ಬರೂ ಆರ್ಕೆಸ್ಟ್ರಾ ನಿರ್ದೇಶಕರು. ಅಣ್ಣ ಯೂಜೀನ್ ನಿರ್ದೇಶಕ ಮತ್ತು ಸಂಯೋಜಕ. ಅಕ್ಕ ಮೇರಿ ಮತ್ತು ತಂಗಿ ಸಿಡೋನಿ ಹಾರ್ಪ್ ನುಡಿಸುವವರು. ಇನ್ನೊಬ್ಬ ಅಣ್ಣ ಅಡಾಲ್ಫ್ ಕೊಂಬಿನ ಜಾತಿಯ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದವನು, 1916ರಲ್ಲಿ ಸೋಮ್ ಕದನದಲ್ಲಿ ತೀರಿಕೊಂಡ. ಮನೆಯವರೆಲ್ಲ ಸೇರಿದರೆ ಒಂದು ತಂಡವಾಗುವಂಥ ಕುಟುಂಬಗಳು ನಮ್ಮ ಓಲಗದವರಲ್ಲೂ ಇವೆ. ನನ್ನ ರೋಗಿಯ ಮನೆಯೂ ಅಂಥದ್ದೇ. ಗೂಸನ್ಸ್ ವಂಶವೃಕ್ಷ ಕೇಳಿದ ಮೇಲೆ ಅವರು “ಇವರು ನಮ್ಮ ಕಡೆಯವರೇ” ಎಂದು ತೀರ್ಪು ಕೊಟ್ಟುಬಿಟ್ಟರು.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತ ಗೂಸನ್ಸ್, ಹದಿಹರೆಯದಲ್ಲೇ ಹೆನ್ರಿ ವುಡ್ ನಡೆಸುತ್ತಿದ್ದ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದ ಮುಖ್ಯ ಓಬೋ ವಾದಕರಾದರು. ಆ ಸ್ಥಾನದಲ್ಲಿ ಅವರಿಗಿಂತ ಮೊದಲು ಇದ್ದವರು ಆನ್ರಿ ದ ಬುಷರ್ ಎಂಬ ಬೆಲ್ಜಿಯಂ ವಾದಕರು. ಅಂದಿನ ಇಂಗ್ಲೆಂಡಿನಲ್ಲಿ ಓಬೋ ಎಂದರೆ ಒರಟು, ಮೂಗಿನ ದನಿ ಎಂಬ ಭಾವನೆಯಿತ್ತು. ಬುಷರ್ ಅವರ ಇಂಪಾದ, ಮೆಲ್ಲನೆ ಕಂಪಿಸುವ ದನಿ ಹುಡುಗನ ಕಿವಿಯಲ್ಲಿ ನಿಂತಿತು. ಗೂಸನ್ಸ್ ಆ ದನಿಯನ್ನು ತಮ್ಮದಾಗಿಸಿಕೊಂಡು ಮುಂದಕ್ಕೆ ಒಯ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿ ಗಾಯಗೊಂಡು ಮರಳಿದರು. 1924ರಿಂದ ಲಂಡನ್ನಿನ ಎರಡು ದೊಡ್ಡ ಸಂಗೀತ ವಿದ್ಯಾಲಯಗಳಲ್ಲಿ ಪಾಠ ಹೇಳಿದರು. 1932ರಲ್ಲಿ ಥಾಮಸ್ ಬೀಚಮ್ ಲಂಡನ್ ಫಿಲ್‌ಹಾರ್ಮಾನಿಕ್ ಕಟ್ಟಿದಾಗ ಅದರ ಮೊದಲ ಮುಖ್ಯ ಓಬೋ ವಾದಕರು ಇವರೇ.

ಅವರ ವೃತ್ತಿಯ ನಿಜವಾದ ಹೆಚ್ಚುಗಾರಿಕೆ ಆರ್ಕೆಸ್ಟ್ರಾದ ಹೊರಗಿದೆ. ಓಬೋ ಎಂದರೆ ಕಚೇರಿ ಶುರುವಾಗುವ ಮೊದಲು ಎಲ್ಲರಿಗೂ ಶ್ರುತಿಯ ಸ್ವರ ಕೊಟ್ಟು, ಆಮೇಲೆ ನಡುವೆ ಎಲ್ಲೋ ಕುಳಿತು ನುಡಿಸುವ ವಾದ್ಯ ಎಂದಿದ್ದ ಕಾಲದಲ್ಲಿ ಅದನ್ನು ಮುಂದೆ ನಿಂತು ಒಂಟಿಯಾಗಿ ನುಡಿಸಬಹುದಾದ ವಾದ್ಯವನ್ನಾಗಿ ಮಾಡಿದವರಲ್ಲಿ ಗೂಸನ್ಸ್ ಪ್ರಮುಖರು. ಇವರ ದನಿ ಕೇಳಿಯೇ ಸಂಯೋಜಕರು ಬರೆದರು. ಆರ್ನಲ್ಡ್ ಬ್ಯಾಕ್ಸ್, ಆರ್ಥರ್ ಬ್ಲಿಸ್ ಓಬೋ ಮತ್ತು ತಂತಿವಾದ್ಯಗಳ ಪಂಚಕಗಳನ್ನು ಕೊಟ್ಟರು. ಬೆಂಜಮಿನ್ ಬ್ರಿಟನ್ ತಮ್ಮ 18ನೇ ವಯಸ್ಸಿನಲ್ಲಿ ಬರೆದ ಫ್ಯಾಂಟಸಿ ಚತುಷ್ಟಯವನ್ನು ಮೊದಲು ನುಡಿಸಿದವರು ಇವರು. ವಾನ್ ವಿಲಿಯಮ್ಸ್ ಇವರಿಗಾಗಿ ಬರೆದ ಓಬೋ ಕಾನ್ಸರ್ಟೊ (ಒಂಟಿ ವಾದಕರು ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿ) 1944ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನಡೆಯಬೇಕಿತ್ತು. ಹಾರುವ ಬಾಂಬುಗಳ ದಾಳಿಯಿಂದಾಗಿ ಅದು ತಪ್ಪಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಇವರ ಹುಟ್ಟೂರು ಲಿವರ್‌ಪೂಲ್‌ನಲ್ಲಿ ನಡೆಯಿತು. ಮಾಲ್ಕಂ ಆರ್ನಲ್ಡ್ ಕೂಡ ಒಂದು ಕಾನ್ಸರ್ಟೊ ಬರೆದರು. ಇಷ್ಟೆಲ್ಲ ಸಂಗೀತ ಒಬ್ಬ ಮನುಷ್ಯನ ತುಟಿಯ ಆಧಾರದ ಮೇಲೆ ಹುಟ್ಟಿಕೊಂಡಿತು.

1962ರ ಜೂನಿನಲ್ಲಿ ಕಾರು ಅಪಘಾತವಾಯಿತು. ತುಟಿಗಳಿಗೂ ಹಲ್ಲುಗಳಿಗೂ ತೀವ್ರ ಪೆಟ್ಟು. ವಯಸ್ಸು 65. ನಿವೃತ್ತಿ ಘೋಷಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ದಂತವೈದ್ಯೆಯಾಗಿ ನಾನು ಇಲ್ಲಿ ನಿಲ್ಲುತ್ತೇನೆ. ತುಟಿಯ ಗಾಯ ಮಾಗಿದ ಜಾಗದಲ್ಲಿ ಬರುವ ಅಂಗಾಂಶ ಮೊದಲಿನಷ್ಟು ಎಳೆಯುವುದಿಲ್ಲ, ಮೊದಲಿನಷ್ಟು ಸ್ಪರ್ಶ ತಿಳಿಯುವುದಿಲ್ಲ. ಬಾಯಿಯ ಸುತ್ತ ಉಂಗುರದಂತಿರುವ ಸ್ನಾಯುವಿನಲ್ಲಿ ಒಂದು ಕಡೆ ಎಳೆತ ಕಡಿಮೆಯಾದರೆ ಉಳಿದ ಭಾಗ ಹೆಚ್ಚು ದುಡಿಯಬೇಕು. ಹಲ್ಲು ಬದಲಾದರೆ ತುಟಿಯ ಬೆನ್ನೆಲುಬೇ ಬದಲಾದಂತೆ. ಐವತ್ತು ವರ್ಷಗಳ ಅಭ್ಯಾಸ ಯಾವ ಬಾಯಿಗೆ ಹೊಂದಿತ್ತೋ ಆ ಬಾಯಿ ಇನ್ನಿರಲಿಲ್ಲ. ಗೂಸನ್ಸ್ ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು, ಆಮೇಲೆ ತುಟಿಯ ಹಿಡಿತವನ್ನೇ ಹೊಸದಾಗಿ ರೂಪಿಸಿಕೊಂಡು ಅಭ್ಯಾಸಕ್ಕೆ ಕುಳಿತರು. ಮತ್ತೆ ವೇದಿಕೆಗೆ ಬಂದರು, ಮತ್ತೆ ಧ್ವನಿಮುದ್ರಣ ಮಾಡಿದರು.

ಇದರಲ್ಲಿ ನನ್ನನ್ನು ಹಿಡಿದಿಟ್ಟ ಒಂದು ಸಂಗತಿ ಎಡ್ವರ್ಡ್ ಎಲ್ಗರ್ ಅವರಿಗೆ ಸಂಬಂಧಿಸಿದ್ದು. 1930ರ ಸುಮಾರಿಗೆ ಎಲ್ಗರ್ ಇವರಿಗಾಗಿ ಓಬೋ ಸಂಯೋಜನೆಗಳ ಒಂದು ಮಾಲಿಕೆಯನ್ನು ಆರಂಭಿಸಿದ್ದರು. ಮುಗಿದದ್ದು ಒಂದು ನಿಧಾನಗತಿಯ ಭಾಗ ಮಾತ್ರ, 1934ರಲ್ಲಿ ಎಲ್ಗರ್ ತೀರಿಕೊಂಡರು. ಆ ಹಾಳೆಗಳು ಗೂಸನ್ಸ್ ಬಳಿ ಉಳಿದವು. ದಶಕಗಳ ನಂತರ ಗಾರ್ಡನ್ ಜೇಕಬ್ ಅದಕ್ಕೆ ಆರ್ಕೆಸ್ಟ್ರಾದ ಭಾಗಗಳನ್ನು ಬರೆದುಕೊಟ್ಟರು, 1967ರಲ್ಲಿ ಗೂಸನ್ಸ್ ಅದನ್ನು ನುಡಿಸಿದರು. ಆಗ ಅವರಿಗೆ 70ರ ಆಸುಪಾಸು. ಹಳೆಯ ಬಾಯಿಗಾಗಿ ಬರೆದ ಸಂಗೀತವನ್ನು ಲೋಕ ಮೊದಲು ಕೇಳಿದ್ದು ಹೊಸ ಬಾಯಿಯಿಂದ. ಇದರಿಂದ ನನಗೆ ಸ್ಪಷ್ಟವಾದದ್ದು: ವಾದಕರ ದನಿ ಇರುವುದು ಅವರ ಕಿವಿಯಲ್ಲಿ. ಯಾವ ಸ್ವರ ಬರಬೇಕೆಂದು ಕಿವಿಗೆ ಗೊತ್ತಿದ್ದರೆ, ಕಾಲಾವಕಾಶ ಸಿಕ್ಕರೆ, ಬದಲಾದ ಬಾಯಿಯೂ ಅಲ್ಲಿಗೆ ದಾರಿ ಹುಡುಕುತ್ತದೆ. ವೈದ್ಯರ ಕೆಲಸ ಆ ಬದಲಾವಣೆಯನ್ನು ಆದಷ್ಟು ಕಡಿಮೆ ಮಾಡುವುದು, ಕಾಲಾವಕಾಶವನ್ನು ಆದಷ್ಟು ಹೆಚ್ಚು ಮಾಡುವುದು. ಆರು ಹಲ್ಲು ಒಟ್ಟಿಗೆ ಕೀಳುವ ಆಲೋಚನೆಯನ್ನು ನಾನು ಅಂದೇ ಕೈಬಿಟ್ಟೆ.

ಮೊಬೈಲಿನಲ್ಲಿ ಗೂಸನ್ಸ್ ಅವರ ಹಳೆಯ ಧ್ವನಿಮುದ್ರಣವೊಂದನ್ನು ರೋಗಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ ಅವರು ಮೊದಲು ಕೇಳಿದ್ದು ಉಸಿರಿನ ಬಗ್ಗೆ.

“ಇವರು ನಡುನಡುವೆ ನಿಲ್ಲಿಸುತ್ತಾರಲ್ಲ ಡಾಕ್ಟರೇ, ಉಸಿರು ಸಾಲುವುದಿಲ್ಲವೇ?”

“ಸಾಲುವುದಿಲ್ಲ ಎಂದಲ್ಲ ಅಣ್ಣ, ಹೆಚ್ಚಾಗುತ್ತದೆ. ಓಬೋ ರೀಡಿನ ಬಾಯಿ ತೀರ ಕಿರಿದು. ಎದೆಯಲ್ಲಿ ಗಾಳಿ ಉಳಿದಿರುತ್ತದೆ, ಆದರೆ ಅದು ಹಳಸಿರುತ್ತದೆ. ಅದನ್ನು ಹೊರಗೆ ಬಿಟ್ಟು ಹೊಸದು ಎಳೆದುಕೊಳ್ಳಬೇಕು.”

“ಕೆನ್ನೆ ಉಬ್ಬಿಸುವುದಿಲ್ಲವೇ?”

“ಸಾಮಾನ್ಯವಾಗಿ ಇಲ್ಲ. ಕೆನ್ನೆ ಬಿಗಿಯಾಗಿಯೇ ಇರುತ್ತದೆ.”

“ಹಾಗಾದರೆ ಅವರಿಗೆ ಹೊಂದಿದ್ದು ನನಗೆ ಪೂರ್ತಿ ಹೊಂದುವುದಿಲ್ಲ. ನಮ್ಮದು ನಡೆಯುವುದೇ ಕೆನ್ನೆಯಿಂದ” ಎಂದರು.

ಅವರ ಮಾತು ಸರಿಯಾಗಿತ್ತು, ಚಿಕಿತ್ಸೆಯ ಆಯ್ಕೆಯನ್ನು ನಿರ್ಧರಿಸಿದ್ದೂ ಅದೇ. ತೆಗೆದು ಹಾಕುವ ಹಲ್ಲಿನ ಸೆಟ್ಟಿಗೆ ವಸಡಿನ ಮೇಲೆ ಒರಗುವ ಗುಲಾಬಿ ಅಂಚು ಇರುತ್ತದೆ. ಓಲಗದವರ ತುಟಿ ಮತ್ತು ಕೆನ್ನೆ ಉಬ್ಬಿ ಇಳಿಯುವಾಗ ಆ ಅಂಚಿನ ಕೆಳಗೆ ಗಾಳಿ ನುಗ್ಗಿ ಹಿಡಿತ ಸಡಿಲಾಗುವ ಸಾಧ್ಯತೆ ಇದೆ. ವಾಲಗತ್ತಾಟ್ ನಡುವೆ ಸೆಟ್ ಕಳಚಿದರೆ ಆ ಮನುಷ್ಯರಿಗೆ ಆಗುವ ಅವಮಾನವನ್ನು ಯಾವ ವೈದ್ಯರೂ ತುಂಬಿಕೊಡಲಾರರು. ಮೂಳೆಗೆ ಲೋಹದ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್ ಹಾಕಲು ಅಲ್ಲಿ ಮೂಳೆ ಸಾಲದು, ಮೂಳೆ ಕಸಿ ಮಾಡಿಸುವಷ್ಟು ಹಣ ಅವರ ಬಳಿ ಇಲ್ಲ. ಅಕ್ಕಪಕ್ಕದ ಹಲ್ಲು ಅರೆದು ಬ್ರಿಡ್ಜ್ ಕೂರಿಸೋಣವೆಂದರೆ ಆಧಾರವಾಗಬೇಕಾದ ಬಲ ಹಲ್ಲೇ ಸಡಿಲ.

ಕೊನೆಗೆ ಆರಿಸಿದ ದಾರಿ ಹೊಸತೇನೂ ಅಲ್ಲ, ಆದರೆ ಇಂಥವರಿಗೆ ಬಹಳ ಯೋಗ್ಯವಾದದ್ದು. ಎಡ ಹಲ್ಲನ್ನು ಕಿತ್ತು, ಅದರ ಬೇರನ್ನು ಕತ್ತರಿಸಿ, ಅವರದೇ ಹಲ್ಲಿನ ಮೇಲ್ಭಾಗವನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸುವುದು. ಒಂದು ಕೋರೆಹಲ್ಲಿನಿಂದ ಇನ್ನೊಂದರವರೆಗೆ ಒಳಮೈಯಲ್ಲಿ ಗಾಜಿನೆಳೆಯ ಪಟ್ಟಿಯನ್ನು ರಾಳದಿಂದ ಅಂಟಿಸಿ ಆರನ್ನೂ ಒಂದು ಕಟ್ಟಿಗೆ ತರುವುದು. ಇದರಿಂದ ಬಲ ಹಲ್ಲಿಗೂ ಆಸರೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತುಟಿಗೆ ಹೊರಗಿನಿಂದ ಸಿಗುವುದು ಹಳೆಯ ಹಲ್ಲಿನ ಹಳೆಯ ಅಂಚೇ.

ಕಾಲವನ್ನು ಆರಿಸಿದವರು ರೋಗಿ. ಜುಲೈ-ಆಗಸ್ಟ್ ನಡುವೆ ಬರುವ ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಮದುವೆ ನಡೆಯುವುದಿಲ್ಲ. ಮಳೆ ಹಿಡಿದರೆ ಬಿಡದ ಆ ದಿನಗಳಲ್ಲಿ ಓಲಗಕ್ಕೆ ಕರೆ ಬರುವುದಿಲ್ಲ, ದುಡಿಮೆಯ ನಷ್ಟವೂ ಇರುವುದಿಲ್ಲ. ಅದಕ್ಕೆ ಮೊದಲೇ ಪಾಚಿ ತೆಗೆದು ವಸಡಿನ ಚಿಕಿತ್ಸೆ ಮುಗಿಸಿದೆ. ಹೊಗೆಸೊಪ್ಪು ಬಿಡಬೇಕೆಂದೆ, ಬಿಟ್ಟರು. ಅಡಿಕೆ ಬಿಡಲು ಇನ್ನೂ ಹೆಣಗಾಡುತ್ತಿದ್ದಾರೆ. ಯಾವ ಹಲ್ಲಿಗೂ ಕೈ ಹಚ್ಚುವ ಮೊದಲು ಮೇಲಿನ ಮತ್ತು ಕೆಳಗಿನ ದವಡೆಗಳ ಪ್ಲಾಸ್ಟರ್ ಅಚ್ಚು ತೆಗೆದು, ಬಾಚಿಹಲ್ಲುಗಳ ಉದ್ದ, ದಪ್ಪ, ಒಂದರ ಮೇಲೊಂದು ಬರುವ ಅಳತೆಗಳನ್ನು ಬರೆದಿಟ್ಟೆ. ಓಲಗ ತರಿಸಿ ಊದಿಸಿ, ರೀಡು ತುಟಿಯ ಯಾವ ಜಾಗದಲ್ಲಿ ಕೂರುತ್ತದೆ ಎಂಬುದರ ಚಿತ್ರಗಳನ್ನೂ ತೆಗೆದೆ. ರೀಡು ನಡುವಿನಲ್ಲಿಲ್ಲ, ಸ್ವಲ್ಪ ಬಲಕ್ಕಿದೆ ಎಂಬುದು ತಿಳಿದದ್ದು ಆಗಲೇ. ಉಳಿಸಬೇಕಾದ ಬಲ ಹಲ್ಲಿನ ಬೆಲೆ ನನ್ನ ಲೆಕ್ಕದಲ್ಲಿ ಇನ್ನಷ್ಟು ಏರಿತು.

ಹಲ್ಲು ಕಿತ್ತು ಕೂರಿಸುವ ಕೆಲಸ ಒಂದೇ ಬೈಠಕ್ಕಿನಲ್ಲಿ ಆಯಿತು, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಷ್ಟವಾದದ್ದು ಆಮೇಲೆ. ಹಲ್ಲಿನ ಗುಳಿ ಮಾಗುವವರೆಗೆ ಊದುವಂತಿಲ್ಲ ಎಂದಾಗ ಅವರು ಒಪ್ಪಿದರು. ಮಾಗಿದ ಮೇಲೂ ಮೊದಲು ಬರೀ ರೀಡು, ಆಮೇಲೆ ಒಂದೇ ಆಧಾರ ಸ್ವರ, ತುಟಿ ದಣಿದ ಕೂಡಲೇ ನಿಲ್ಲಿಸಬೇಕು ಎಂದಾಗ ಅವರಿಗೆ ನೋವಾಯಿತು. ಜೀವನವಿಡೀ ಊದಿದವರನ್ನು ಮೊದಲ ಪಾಠಕ್ಕೆ ಕಳುಹಿಸುವುದು ಸುಲಭದ ಮಾತಲ್ಲ. “ಲಿವರ್‌ಪೂಲಿನವರೂ ಹೀಗೆಯೇ ಮಾಡಿದರೇ?” ಎಂದು ಕೇಳಿದರು. ಹೊಸ ಹಿಡಿತವನ್ನು ಅಭ್ಯಾಸದಿಂದಲೇ ಗಳಿಸಿದರು ಎಂದೆ. ಅದರ ನಂತರ ಅವರು ವಾದಿಸಲಿಲ್ಲ.

ಮೊದಲ ದಿನಗಳಲ್ಲಿ ಸ್ವರ ಇಳಿಯುತ್ತಿತ್ತು. ತುಟಿಯ ಬಲ ಕುಂದಿದ್ದು ಒಂದು ಕಾರಣ. ಮಳೆಗಾಲದ ತೇವದಲ್ಲಿ ರೀಡು ಊದಿಕೊಂಡು ಮಂದವಾಗಿದ್ದದ್ದು ಇನ್ನೊಂದು. ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಎಲ್ಲ ತಪ್ಪನ್ನೂ ಹಲ್ಲಿನ ಮೇಲೆ ಹೊರಿಸುವ ಅಪಾಯವಿತ್ತು. ಹಾಗಾಗಿ ಒಲೆಯ ಹತ್ತಿರ ಒಣಗಿಸಿಟ್ಟ ಬೇರೆ ರೀಡಿನಲ್ಲಿ ಊದಿಸಿ ಹೋಲಿಸಿದೆವು, ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ನಾಲಗೆಗೆ ಒಳಗಿನ ಪಟ್ಟಿ ತಡೆಯುತ್ತದೆ ಎಂಬ ದೂರು ಬಂತು, ಅದನ್ನು ಉಜ್ಜಿ ನಯಗೊಳಿಸಿದೆ. ಕೂರಿಸಿದ ಹಲ್ಲಿನ ಮೂಲೆ ತುಟಿಯ ಒಳಗೆ ಗೆರೆ ಮೂಡಿಸುತ್ತಿತ್ತು. ಕೂದಲೆಳೆಯಷ್ಟು ಅರೆದಾಗ ಅವರು ಕೈ ಎತ್ತಿ “ಸಾಕು, ಇನ್ನು ಮುಟ್ಟಬೇಡಿ” ಎಂದರು. ಆ ಕ್ಷಣದಲ್ಲಿ ನನ್ನ ಉಪಕರಣಗಳಿಗಿಂತ ಅವರ ತುಟಿ ಹೆಚ್ಚು ನಿಖರವಾಗಿತ್ತು.

ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ಹೊತ್ತಿಗೆ ಅವರು ಮನೆಯಲ್ಲಿ ಮಾತ್ರ ಊದುತ್ತಿದ್ದರು. ಸುಗ್ಗಿಯ ಹಬ್ಬ ಪುತ್ತರಿ ಬರುವಷ್ಟರಲ್ಲಿ ತಂಡದ ಜೊತೆ ಹೊರಟರು, ಅಣ್ಣನ ಮಗನನ್ನು ಎರಡನೆಯ ಓಲಗಕ್ಕೆ ಇಟ್ಟುಕೊಂಡು. ಮೊದಲು ಒಬ್ಬರೇ ಹೊರುತ್ತಿದ್ದ ಹೊತ್ತನ್ನು ಈಗ ಇಬ್ಬರು ಹಂಚಿಕೊಳ್ಳುತ್ತಾರೆ. ಮೇಲಿನ ಸ್ಥಾಯಿಯ ಸ್ವರಗಳು ರಾತ್ರಿ ತಡವಾದಂತೆ ಈಗಲೂ ಸ್ವಲ್ಪ ಜಾರುತ್ತವೆ. ಜಾರಿದ್ದು ನನಗೆ ಕೇಳಿಸುವುದಿಲ್ಲ, ಅವರಿಗೆ ಕೇಳಿಸುತ್ತದೆ. ಕುಣಿಯುವವರಿಗೆ ಏನೂ ವ್ಯತ್ಯಾಸ ತಿಳಿದಿಲ್ಲ ಎಂದು ಸಮಾಧಾನ ಹೇಳಹೊರಟಾಗ ಅವರು ತಲೆಯಾಡಿಸಿ, ತಮಗೆ ತಿಳಿದರೆ ಸಾಕಲ್ಲ ಎಂದರು. ಒಂದು ಮದುವೆಯ ನಂತರ ಪಟ್ಟಿಯ ಎಡ ತುದಿ ಬಿಟ್ಟುಕೊಂಡಿತ್ತು. ಮತ್ತೆ ಅಂಟಿಸಿದ್ದೇನೆ. ಇಂಥ ಕಟ್ಟಿನಲ್ಲಿ ಇದು ನಿರೀಕ್ಷಿತ. ಆದ್ದರಿಂದ ಮದುವೆಗಳು ಆರಂಭವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಂದು ತೋರಿಸಬೇಕೆಂದು ನಿಗದಿ ಮಾಡಿದ್ದೇವೆ.

ಬಲ ಬಾಚಿಹಲ್ಲು ಶಾಶ್ವತವಲ್ಲ. ಅದು ಬೀಳುವ ದಿನ ಏನು ಮಾಡಬೇಕೆಂಬುದು ಈಗಲೇ ಬರಹದಲ್ಲಿದೆ, ಅಚ್ಚು ಕಪಾಟಿನಲ್ಲಿದೆ. ಮುಂದೆ ಯಾರು ಚಿಕಿತ್ಸೆ ಮಾಡಿದರೂ ಹೊಸ ಹಲ್ಲನ್ನು ಹಳೆಯ ಅಳತೆಗೆ ಕೂರಿಸಲು ಸಾಧ್ಯ. ಇದೇ ಕಾರಣಕ್ಕೆ ಅಣ್ಣನ ಮಗನ ಹಲ್ಲಿನ ಅಚ್ಚನ್ನೂ ತೆಗೆದಿದ್ದೇನೆ. ಆತನಿಗೆ ಒಂದು ಹಲ್ಲೂ ಹುಳುಕಿಲ್ಲ, ಬೈಕಿನಲ್ಲಿ ಓಡಾಡುವ ವಯಸ್ಸು. ಅಪಘಾತವಾದ ಮೇಲೆ ಹಳೆಯ ಬಾಯಿಯ ಅಳತೆ ಸಿಗುವುದಿಲ್ಲ. ಎರಡು ದವಡೆಗಳ ಪ್ಲಾಸ್ಟರ್ ಅಚ್ಚಿಗೆ ತಗಲುವ ಖರ್ಚು ಬಹಳ ಕಡಿಮೆ, ಹಿಡಿಯುವ ಹೊತ್ತು ಅರ್ಧ ಗಂಟೆಯೊಳಗೆ. ತಂಡದ ಕೊಂಬಿನವರಿಬ್ಬರು ಮುಂದಿನ ತಿಂಗಳು ಬರುವುದಾಗಿ ಹೇಳಿದ್ದಾರೆ. ಕೊಡಗಿನ ಉಳಿದ ದಂತವೈದ್ಯರು ತಮ್ಮ ಊರಿನ ಓಲಗದವರಿಗೂ ಕೊಂಬಿನವರಿಗೂ ಇದನ್ನು ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅಳತೆ ಬರೆಯಲು ನಾನು ಬಳಸಿದ ನಮೂನೆಯ ಹಾಳೆ ಬೇಕಾದವರಿಗೆ ಕಳುಹಿಸಿಕೊಡುತ್ತೇನೆ.